ಮಲೆನಾಡಿನ ಹೆಂಗಸರ ಚರಿತ್ರೆ ಬರೆಯಬೇಕೇ? ಮೂಲ ದಾಖಲೆ ಹುಡುಕುವುದು, ತೂಗಿ ನೋಡುವುದು ಹೀಗೆ

"ಕೆಳದಿ ಚೆನ್ನಮ್ಮನನ್ನು ಬಿಟ್ಟರೆ ನಮ್ಮ ಕಡೆ ಹೆಂಗಸರ ಬಗ್ಗೆ ದಾಖಲೆ ಎಲ್ಲಿದೆ?" ಶಿವಮೊಗ್ಗದಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರು ಸಿಕ್ಕಾಗೆಲ್ಲ ಕೇಳುವುದು ಇದನ್ನೇ. ದಾಖಲೆ ಇದೆ. ಬೇಕಾದಷ್ಟಿದೆ. ಆದರೆ 'ಮಹಿಳೆ' ಅಂತ ಚೀಟಿ ಅಂಟಿಸಿಕೊಂಡು ಯಾವ ಕಪಾಟಿನಲ್ಲೂ ಕೂತಿಲ್ಲ. ವೀರಗಲ್ಲಿನ ನಡುವಿನ ಪಟ್ಟಿಕೆಯಲ್ಲಿದೆ, ಅಡಿಕೆ ಸುಲಿದ ಕೂಲಿ ಲೆಕ್ಕದಲ್ಲಿದೆ, ಆಸ್ತಿಯ ಪಾಲು ಬಿಟ್ಟುಕೊಟ್ಟೆ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆದುಕೊಟ್ಟ ಹಕ್ಕು ಖುಲಾಸೆ ಪತ್ರದಲ್ಲಿದೆ, ಇಟಲಿಯವನೊಬ್ಬ ಇಕ್ಕೇರಿಯಿಂದ ಬರೆದ ಕಾಗದದಲ್ಲಿದೆ. ಅವುಗಳಲ್ಲಿ ಒಂದನ್ನೂ ಹೆಂಗಸರ ಚರಿತ್ರೆ ಬರೆಯಲಿ ಅಂತ ಯಾರೂ ಬರೆದಿಟ್ಟಿಲ್ಲ. ತೆರಿಗೆಗೆ, ದಾನಕ್ಕೆ, ಜಗಳಕ್ಕೆ, ಹೊಗಳಿಕೆಗೆ ಹುಟ್ಟಿದವು. ಹಾಗಾಗಿ ಯಾವ ದಾಖಲೆ ಕೈಗೆ ಬಂದರೂ ಎರಡು ವಿಷಯ ಕೇಳಿಕೊಳ್ಳಬೇಕು. ಇದು ಯಾಕೆ ಹುಟ್ಟಿತು? ಇದರಲ್ಲಿ ಬರಬೇಕಿದ್ದು ಬಾರದೇ ಹೋದವರು ಯಾರು?

ಅದಕ್ಕೂ ಮೊದಲು ನಿಮ್ಮ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ಮಲೆನಾಡಿನ ಮಹಿಳೆ: ಒಂದು ಅಧ್ಯಯನ' ಅಂತ ಹೊರಟರೆ ಯಾವ ಕಚೇರಿಯ ಬಾಗಿಲು ತಟ್ಟಬೇಕು ಅನ್ನುವುದೂ ಗೊತ್ತಾಗುವುದಿಲ್ಲ. 'ಸಾಗರ ತಾಲ್ಲೂಕಿನಲ್ಲಿ 1900ರಿಂದ 1950ರ ನಡುವೆ ಗಂಡ ಸತ್ತ ಹೆಂಗಸಿನ ಕೈಯಲ್ಲಿ ತೋಟ ಉಳಿಯುತ್ತಿತ್ತಾ?' ಅಂತ ಕೇಳಿ ನೋಡಿ. ಕೂಡಲೇ ಕಂದಾಯ ದಾಖಲೆ, ವಿಭಾಗಪತ್ರ, ಕೋರ್ಟು ಕಡತ, ನಾಲ್ಕು ಮನೆಯ ಹಳೇ ಪೆಟ್ಟಿಗೆ ಇವೆಲ್ಲ ತಾವಾಗಿಯೇ ಸಾಲಾಗಿ ಬರುತ್ತವೆ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ಯಾವುದು ಮೂಲ ಆಕರ ಅನ್ನುವುದು ಆ ಪುಸ್ತಕದ ಮೇಲೆ ಬರೆದಿರುವುದಿಲ್ಲ, ನಿಮ್ಮ ಪ್ರಶ್ನೆ ಅದನ್ನು ತೀರ್ಮಾನಿಸುತ್ತದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದ ಕಾದಂಬರಿ. ಬಾಲವಿಧವೆಯಾಗಿ ಬದುಕಿದ ನಿಜವಾದ ಅಜ್ಜಿಯೊಬ್ಬರ ಕತೆ ಅದಕ್ಕೆ ಆಧಾರ. 19ನೇ ಶತಮಾನದ ವಿಧವೆಯ ದಿನಚರಿ ಹೀಗೇ ಇತ್ತು ಅನ್ನಲು ಅದನ್ನು ನೇರ ಸಾಕ್ಷಿ ಮಾಡಿಕೊಳ್ಳಬೇಡಿ, ಕತೆ ಕೈಯಿಂದ ಕೈಗೆ ದಾಟಿ ಬಂದಿದೆ. ಆದರೆ 1970ರ ದಶಕದಲ್ಲಿ ಒಬ್ಬ ಲೇಖಕಿ ಆ ಕಾಲವನ್ನು ಹೇಗೆ ಕಂಡರು ಅನ್ನುವುದು ನಿಮ್ಮ ಪ್ರಶ್ನೆಯಾದರೆ ಅದಕ್ಕಿಂತ ಒಳ್ಳೆ ಮೂಲ ಆಕರ ಬೇಕೇ?

ಶಾಸನದಿಂದ ಶುರು ಮಾಡಿ

ನಮ್ಮ ಜಿಲ್ಲೆಯ ಅದೃಷ್ಟ ಇದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ದಪ್ಪ ಸಂಪುಟಗಳು ಪೂರ್ತಿ ಶಿವಮೊಗ್ಗಕ್ಕೇ ಮೀಸಲು. 1902ರ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ, ಅದರಲ್ಲಿ 'ನಗರ ತಾಲ್ಲೂಕು' ಅಂದರೆ ಇವತ್ತಿನ ಹೊಸನಗರದ ಕಡೆ. ಹಳೇ ಗಡಿ ಗೊತ್ತಿಲ್ಲದೆ ಹುಡುಕಿದರೆ ಇರುವ ಶಾಸನವೂ ಸಿಗುವುದಿಲ್ಲ. ಎರಡೂ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇವೆ. ಆದರೆ ಸ್ಕ್ಯಾನ್ ಪ್ರತಿಯಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ, ಅಕ್ಷರ ಗುರುತಿಸುವುದರಲ್ಲೇ ಯಂತ್ರ ಎಡವುತ್ತದೆ. ಪುಟ ತಿರುವಿಯೇ ನೋಡಬೇಕು. ಕಣ್ಣು ಅಬ್ಬೆ, ಅಕ್ಕ, ಅರಸಿ, ದೇವಿ, ಗಾವುಂಡಿ ಇಂಥ ಕೊನೆಗಳ ಮೇಲಿರಲಿ. ವೀರಗಲ್ಲಿನ ಬರಹವಾದರೆ 'ಪೆಣ್ಬುಯ್ಯಲ್' ಅನ್ನುವುದನ್ನೂ ಹುಡುಕಿ, ಹೆಂಗಸರನ್ನು ಹೊತ್ತೊಯ್ಯಲು ಬಂದವರ ಜೊತೆ ಕಾದಾಡಿ ಸತ್ತವರ ಕಲ್ಲುಗಳು ಅವು.

ಒಂದು ಉದಾಹರಣೆ ತೆಗೆದುಕೊಳ್ಳಿ. ಶಿಕಾರಿಪುರ 219ನೇ ಶಾಸನ. 10ನೇ ಶತಮಾನದ ಮೊದಲ ಭಾಗ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತು ಅನ್ನುವ ನಾಡಿನ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ ಸತ್ತಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬರುತ್ತದೆ. ಆಕೆ ಆಳುತ್ತಾಳೆ, ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲ ಒಪ್ಪಿಸಿ, ಬಂದಣಿಕೆಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ ಹಿಡಿದು ಸಾಯುತ್ತಾಳೆ. 'ಆಗಲೇ ಹೆಂಗಸರಿಗೆ ಅಧಿಕಾರ ಇತ್ತು ನೋಡಿ' ಅಂತ ಭಾಷಣಗಳಲ್ಲಿ ಈ ಕಲ್ಲನ್ನು ಎತ್ತಿ ಹಿಡಿಯುವವರು ಜಾಸ್ತಿ. ಸ್ವಲ್ಪ ತಾಳಿ. ಹೆಂಗಸಾದರೂ ಚೆನ್ನಾಗಿ ಕಾಪಾಡಿದಳು ಅನ್ನುವ ಧಾಟಿಯಲ್ಲಿ ಆ ಶಾಸನ ಹೊಗಳುತ್ತದೆ, ಜೊತೆಗೆ ಆಕೆಯ ಚೆಲುವನ್ನೂ ಎತ್ತುತ್ತದೆ. ಬರೆದವನಿಗೆ ಈ ವಿಷಯಕ್ಕೆ ಒಂದು ಸಮಜಾಯಿಷಿ ಬೇಕಿತ್ತು ಅಂತಾಯಿತು. ಒಬ್ಬಳು ಆಳಿದ್ದೂ ನಿಜ, ಅದು ಮಾಮೂಲಿ ಸಂಗತಿಯಾಗಿರಲಿಲ್ಲ ಅನ್ನುವ ಸುಳಿವೂ ಅದೇ ಸಾಲಿನಲ್ಲಿದೆ. ಎರಡನ್ನೂ ಬರೆಯಿರಿ. ಮತ್ತೆ, ರೈಸ್ ಅವರ ಇಂಗ್ಲಿಷ್ ಅನುವಾದ ಓದಿ ನಿಲ್ಲಬೇಡಿ. ಅದೇ ಸಂಪುಟದಲ್ಲಿ ಕನ್ನಡ ಪಾಠವೂ ಇದೆ. ಹಳಗನ್ನಡ ಕಷ್ಟ ಅನ್ನಿಸಿದರೆ ಗೊತ್ತಿರುವ ಮೇಷ್ಟ್ರ ಜೊತೆ ಕೂತು ಓದಿ.

ಹೆಸರು ಇಲ್ಲದಿರುವುದೂ ಒಂದು ಮಾಹಿತಿಯೇ. ತಾಳಗುಂದದ ಕಂಬದ ಶಾಸನ ಎಲ್ಲರಿಗೂ ಗೊತ್ತು, ಕುಬ್ಜ ಕವಿ ಬರೆದದ್ದು. ಕದಂಬ ದೊರೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳೆಂಬ ಕಿರಣಗಳಿಂದ ಗುಪ್ತರೇ ಮೊದಲಾದ ರಾಜಕುಲಗಳೆಂಬ ಕಮಲಗಳನ್ನು ಅರಳಿಸಿದ ಅಂತ ಅದರಲ್ಲಿದೆ. ಅಷ್ಟು ಚಂದದ ಮಾತು, ಹುಡುಗಿಯರ ಹೆಸರು ಮಾತ್ರ ಇಲ್ಲ. ಎಷ್ಟು ಜನ ಅನ್ನುವುದೂ ಇಲ್ಲ. ಕದಂಬರಿಗೆ ಎಂಥ ದೊಡ್ಡ ಮನೆತನಗಳ ನಂಟಿತ್ತು ಅಂತ ಸಾರುವುದು ಕವಿಯ ಕೆಲಸ, ಆ ಕೆಲಸಕ್ಕೆ ಹೆಣ್ಣುಮಕ್ಕಳು ಬೇಕು, ಅವರ ಹೆಸರು ಬೇಡ. ಇದರ ಪಕ್ಕದಲ್ಲಿ ಹುಂಚವನ್ನು ಇಟ್ಟು ನೋಡಿ. ಅಲ್ಲಿನ ಪಂಚಕೂಟ ಬಸದಿ ಕಟ್ಟಿಸಿದವಳು ಚಟ್ಟಲದೇವಿ, ಶಕ 999, ಅಂದರೆ 78 ಕೂಡಿಸಿದರೆ 1077. ಅಲ್ಲಿ ಹೆಸರು ಢಾಳಾಗಿ ಇದೆ, ಯಾಕೆಂದರೆ ದಾನ ಕೊಟ್ಟವಳು ಅವಳೇ. ಹೆಂಗಸರ ಹೆಸರು ಶಾಸನದಲ್ಲಿ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಒಂದು ತಾಲ್ಲೂಕಿನ ಮಟ್ಟಿಗೆ ಪಟ್ಟಿ ಮಾಡಿದರೂ ಒಳ್ಳೆಯ ಪ್ರಬಂಧ ಆಗುತ್ತದೆ.

ಕಲ್ಲು ಮತ್ತು ಕಾಗದ ಒಂದನ್ನೊಂದು ತಿದ್ದುವುದು

ಬರಹ ಇಲ್ಲದ ಕಲ್ಲನ್ನು ಸುಮ್ನೆ ದಾಟಿ ಹೋಗಬೇಡಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಬೆಳಗ್ಗೆ ಅಡ್ಡಾಡಿದರೆ ಕಣ್ಣು ಪಳಗುತ್ತದೆ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಸತ್ತವನಿಗೆ ಸಿಗುವ ಬಹುಮಾನದಲ್ಲಿ ಹೆಂಗಸರೂ ಸೇರಿದ್ದಾರೆ ಅಂತ ಆ ನಡುವಿನ ಪಟ್ಟಿಕೆ ಹೇಳುತ್ತದೆ ಅಲ್ವಾ? ಲಿಂಗತ್ವದ ಚರಿತ್ರೆ ಅಂದರೆ ಬರೀ ಹೆಂಗಸರ ಚರಿತ್ರೆಯಲ್ಲ, ಗಂಡಸು ಹೇಗಿರಬೇಕು, ಹೇಗೆ ಸಾಯಬೇಕು ಅಂತ ಊರು ಕಲಿಸಿದ ಪಾಠವೂ ಅದರೊಳಗೆ ಬರುತ್ತದೆ. ಗಂಡ ಸತ್ತಾಗ ಬೆಂಕಿಗೆ ಹೋದವಳ ನೆನಪಿಗೆ ನೆಟ್ಟ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ, ಮೇಲೆತ್ತಿದ ಕೈ ಇರುತ್ತದೆ. ಕೆಲವು ಕಡೆ ನಿಂಬೆಹಣ್ಣು, ಕನ್ನಡಿ ಕಾಣುತ್ತವೆ.

ಮಳೆಗಾಲ ಕಳೆದ ಮೇಲೆ ಹೊರಡಿ. ನಮ್ಮಲ್ಲಿ ಜೂನ್‌ನಿಂದ ಪಾಚಿ ಹಿಡಿದ ಕಲ್ಲಿನಲ್ಲಿ ಏನೂ ಕಾಣುವುದಿಲ್ಲ. ಹಾಗಂತ ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಸುಣ್ಣ, ಚಾಕ್‌ಪುಡಿ, ಎಣ್ಣೆ ಬಳಿಯಬೇಡಿ. ಸಂಜೆ ಹೊತ್ತಿನಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಸವೆದ ಗೆರೆಯೂ ನೆರಳಿನಲ್ಲಿ ಎದ್ದು ಕಾಣುತ್ತದೆ, ಫೋಟೊಕ್ಕೆ ಅದೇ ಸಾಕು. ಕಲ್ಲು ಈಗ ಎಲ್ಲಿದೆ, ಮೊದಲು ಎಲ್ಲಿತ್ತು, ಯಾರು ತಂದು ನಿಲ್ಲಿಸಿದರು, ಊರವರು ಅದನ್ನು ಏನಂತ ಪೂಜಿಸುತ್ತಾರೆ, ಇಷ್ಟನ್ನೂ ಅಲ್ಲೇ ನಿಂತು ಬರೆದುಕೊಳ್ಳಿ.

ಈಗ ಕಾಗದಕ್ಕೆ ಬರೋಣ. 1623ರ ನವೆಂಬರ್‌ನಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ರೋಮ್ ನಗರದ ಪ್ರವಾಸಿ ಇಕ್ಕೇರಿಯಲ್ಲಿದ್ದ. ಕೆಳದಿ ಅರಸ ವೆಂಕಟಪ್ಪ ನಾಯಕನ ಕಾಲ. ಗಂಡ ಸತ್ತ ಹೆಂಗಸೊಬ್ಬಳು ಬೆಂಕಿಗೆ ಹೋಗುವ ಮೊದಲು ಕುದುರೆ ಮೇಲೆ ಊರು ಸುತ್ತುವುದನ್ನು ಕಂಡ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಮಾಸ್ತಿಕಲ್ಲಿನಲ್ಲಿ ಕೆತ್ತಿದ್ದು ಬರೀ ಶಿಲ್ಪಿಯ ಕಲ್ಪನೆಯಲ್ಲ ಅನ್ನುವುದಕ್ಕೆ, ನಮ್ಮ ಕಲ್ಲುಗಳ ಸಂಕೇತ ಏನೂ ಗೊತ್ತಿಲ್ಲದ ಪರದೇಶಿಯೊಬ್ಬ ಕೊಟ್ಟ ಸಾಕ್ಷಿ ಇದು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯದ ಎರಡು ಆಕರಗಳು ಒಂದೇ ಮಾತು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಅವನು ಅಷ್ಟಕ್ಕೇ ಬಿಡಲಿಲ್ಲ. ಅವಳ ಮನೆಗೇ ಹೋಗಿ ಮಾತಾಡಿದ. ಹೆಸರು ಬರೆದುಕೊಂಡ, ಇಟಾಲಿಯನ್ ಕಾಗುಣಿತದಲ್ಲಿ ಅದು 'ಜಕ್ಕಮ' ಅನ್ನುವಂತೆ ಇದೆ, ಜಕ್ಕಮ್ಮ ಇರಬೇಕು. ತೆಲುಗು ಮೂಲದವಳು, ಗಂಡ ಡೋಲು ಬಾರಿಸುವವನು. ಅಂದರೆ ಇದು ಅರಸು ಮನೆತನದ ಮಾತಲ್ಲ. ಚಿಕ್ಕ ಮಕ್ಕಳನ್ನು ಬಿಟ್ಟು ಹೇಗೆ ಹೋಗುತ್ತೀಯ ಅಂತಲೂ ಕೇಳಿದ. ಇನ್ನೂ ಒಂದು ವಿಷಯ ಬರೆದ, ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸುವುದು ಅದೇ: ಆ ಡೋಲಿನವನಿಗೆ ಇವಳಿಗಿಂತ ಮೊದಲು ಕಟ್ಟಿಕೊಂಡ ಇನ್ನಿಬ್ಬರು ಹೆಂಡಿರಿದ್ದರು, ಮಕ್ಕಳು ಬಹಳ ಇದ್ದಾರೆ ಅಂತ ಹೇಳಿ ಅವರು ಸಾಯಲು ಒಪ್ಪಲಿಲ್ಲ. ಬೆಂಕಿಗೆ ಹೋದವರಿಗೆ ಕಲ್ಲು ನೆಡುತ್ತಾರೆ. ಹೋಗೋದಿಲ್ಲ ಅಂದವರಿಗೆ ಯಾರು ನೆಡುತ್ತಾರೆ? ಬರೀ ಮಾಸ್ತಿಕಲ್ಲು ಎಣಿಸಿ ಆ ಕಾಲದ ವಿಧವೆಯರ ಬಗ್ಗೆ ತೀರ್ಪು ಕೊಟ್ಟರೆ ಈ ಇಬ್ಬರಂಥವರು ಪೂರ್ತಿ ಮಾಯವಾಗುತ್ತಾರೆ, ಹೆಚ್ಚಿನವರು ಈ ಇಬ್ಬರ ಹಾಗೆ ಬದುಕಿ ಉಳಿದವರೇ ಇದ್ದಿರಬಹುದು.

ಹಾಗಂತ ದೆಲ್ಲಾ ವಾಲೆಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಅವನಿಗೆ ನಮ್ಮ ಭಾಷೆ ಬರದು, ಮಾತೆಲ್ಲ ದುಭಾಷಿಯ ಮೂಲಕ. ಬರೆದದ್ದು ನೇಪಲ್ಸ್‌ನ ಗೆಳೆಯನಿಗೆ, ಓದುಗನಿಗೆ ಬೆರಗಾಗಬೇಕು ಅನ್ನುವ ಆಸೆ ಇತ್ತು, ಅವಳ ಮೇಲೆ ಪದ್ಯ ಕಟ್ಟುವ ಹುಮ್ಮಸ್ಸೂ ಇತ್ತು. ಭಾರತದ ಪತ್ರಗಳು ಅಚ್ಚಾಗಿದ್ದು ಅವನು ಸತ್ತ ಮೇಲೆ, 1663ರಲ್ಲಿ. ಆದ್ದರಿಂದ ಅವನು ಕಣ್ಣಾರೆ ಕಂಡದ್ದು ಒಂದು ಕಡೆ, ದುಭಾಷಿ ಹೇಳಿದ್ದು ಒಂದು ಕಡೆ, ಅವನ ಸ್ವಂತ ಅಭಿಪ್ರಾಯ ಮತ್ತೊಂದು ಕಡೆ ಅಂತ ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿಕೊಂಡು ಓದಿ. ಕನ್ನಡಿ, ನಿಂಬೆಹಣ್ಣು ಮೊದಲನೆಯ ಬಣ್ಣ. ಅವಳ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಎರಡನೆಯ, ಮೂರನೆಯ ಬಣ್ಣಗಳ ಕಲಬೆರಕೆ.

ಮೂರು ಪುಸ್ತಕ, ಮೂಲ ಒಂದೇ

ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರಿನ ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ರಾಣಿಗೆ ಪ್ರಿಯಕರನಿದ್ದ, ದತ್ತು ಮಗನನ್ನು ಕೊಲ್ಲಿಸಿದಳು, ಅದಕ್ಕೇ ರಾಜ್ಯ ಹೋಯಿತು ಅನ್ನುವ ಕತೆ ನೀವು ಕೇಳಿರುತ್ತೀರಿ. ಹಳೇ ಗ್ಯಾಸೆಟಿಯರ್‌ನಲ್ಲಿ ಇದೆ, ಆಮೇಲಿನ ಪುಸ್ತಕಗಳಲ್ಲಿ ಇದೆ, ಅದಕ್ಕೂ ಮೊದಲು ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲಿ ಇದೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು, ಅವನ ಮೊದಲ ಸಂಪುಟ ಬಂದದ್ದು 1810ರಲ್ಲಿ. ಘಟನೆಗೆ ಸುಮಾರು 50 ವರ್ಷದ ನಂತರ. ಹಿಂದಿನವರು ಬರೆದದ್ದನ್ನು ಮುಂದಿನವರು ಎತ್ತಿಕೊಂಡಿದ್ದರೆ ಸಾಕ್ಷಿಗಳು ಮೂರಾಗುವುದಿಲ್ಲ, ಒಂದೇ ಆಗುತ್ತದೆ. ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋಗಿ, ಸಾಲುಗಳು ಪದಕ್ಕೆ ಪದ ಹೊಂದುತ್ತವಾ ನೋಡಿ.

ಆಮೇಲೆ ಈ ಕತೆಯಿಂದ ಯಾರಿಗೆ ಅನುಕೂಲ ಅಂತ ಕೇಳಿ. ರಾಣಿಯ ನಡತೆ ಕೆಟ್ಟದ್ದು ಅಂದರೆ ರಾಜ್ಯ ಕಿತ್ತುಕೊಂಡವನ ಕೆಲಸಕ್ಕೆ ಒಂದು ನೆಪ ಸಿಗುತ್ತದೆ. ಸೋತ ಗಂಡು ದೊರೆಯ ಬಗ್ಗೆ ಸೈನ್ಯ ಚಿಕ್ಕದಿತ್ತು, ಖಜಾನೆ ಖಾಲಿಯಿತ್ತು ಅಂತ ಬರೆಯುತ್ತಾರೆ, ಸೋತ ಹೆಣ್ಣು ದೊರೆಯ ಬಗ್ಗೆ ಹಾಸಿಗೆಯ ಮಾತು ಬರೆಯುತ್ತಾರೆ. ಹಾಗಾದರೆ ಕತೆ ಪೂರ್ತಿ ಸುಳ್ಳಾ? ಹಾಗೆ ಹೇಳುವುದಕ್ಕೂ ನಿಮ್ಮ ಹತ್ತಿರ ಸಾಕ್ಷಿ ಬೇಕು. 'ವಿಲ್ಕ್ಸ್ ಹೀಗೆ ಹೇಳುತ್ತಾನೆ, ಅವನ ಕಾಲ ಇದು, ಅವನ ಹುದ್ದೆ ಇದು' ಅಂತ ಬರೆದು ಅಷ್ಟಕ್ಕೆ ನಿಲ್ಲಿಸುವುದು ನ್ಯಾಯ. ಇನ್ನೊಂದು ಬದಿಯೂ ಹಾಗೇ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಆ ವಂಶವನ್ನು ಕೊಂಡಾಡಲು ಹುಟ್ಟಿದ ಕಾವ್ಯ. ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದನ್ನು ಬರೆಯುವಾಗ ಅದೊಂದನ್ನೇ ನೆಚ್ಚದೆ ಮರಾಠಿ, ಮೊಗಲ್ ಕಡೆಯ ಬರಹಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಡತ, ಹಳೇ ಕಾಗದ ಪತ್ರಗಳಿವೆ. ಏನು ಬೇಕು ಅಂತ ಮೊದಲೇ ಕಾಗದ ಬರೆದು, ನಿಮ್ಮ ವಿಭಾಗದ ಪತ್ರ ಹಿಡಿದು ಹೋದರೆ ಕೆಲಸ ಸಲೀಸು.

ಕಂದಾಯ, ಕೋರ್ಟು, ಕೂಲಿ ಲೆಕ್ಕ

ಇಲ್ಲಿಂದ ಮುಂದೆ ರಾಣಿಯರು ಸಿಗುವುದಿಲ್ಲ, ನಮ್ಮ ಅಜ್ಜಿಯರು ಸಿಗುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗಪತ್ರ, ದಾನಪತ್ರ, ಉಯಿಲು, ಹಕ್ಕು ಖುಲಾಸೆ ಪತ್ರ ನೋಡಿ. ಮಗಳು ಸಹಿ ಹಾಕಿದ್ದಾಳಾ, ಹೆಬ್ಬೆಟ್ಟು ಒತ್ತಿದ್ದಾಳಾ, ಪ್ರತಿಯಾಗಿ ಏನು ಸಿಕ್ಕಿತು ಅಂತ ಬರೆದಿದೆ? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಆ ಎರಡು ವರ್ಷಗಳ ಹಿಂದೆ ಮುಂದೆ ಇರುವ ಪತ್ರಗಳನ್ನು ಹೋಲಿಸಿ ನೋಡಿ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ 7ನೇ ನಮೂನೆ ಅರ್ಜಿಗಳು, ಭೂ ನ್ಯಾಯಮಂಡಳಿಯ ಕಡತಗಳು ಇನ್ನೊಂದು ಗಣಿ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ನೆಲ ನಮ್ಮದು, ಅದರ ಬಗ್ಗೆ ನಾಯಕರ ಭಾಷಣ ಓದುವವರು ಬೇಕಾದಷ್ಟು ಇದ್ದಾರೆ. ಗದ್ದೆ ನೆಟ್ಟಿ ಮಾಡಿದವಳ ಹೆಸರು ಅರ್ಜಿಯಲ್ಲಿ ಬಂದಿದೆಯಾ ಅಂತ ನೋಡಿದವರು ಕಡಿಮೆ. ಪಹಣಿಯಲ್ಲಿ ಗಂಡಸಿನ ಹೆಸರಿದ್ದರೆ ಆ ಹೊಲದಲ್ಲಿ ಗಂಡಸೇ ದುಡಿದ ಅಂತ ಅರ್ಥವಲ್ಲ, ಕಂದಾಯ ಯಾರ ಹೆಸರಲ್ಲಿ ವಸೂಲಾಗುತ್ತಿತ್ತು ಅಂತ ಮಾತ್ರ.

ದುಡಿಮೆ ಬೇಕಾದರೆ ತೋಟದ ಮನೆಗಳ ಲೆಕ್ಕದ ಪುಸ್ತಕ ಕೇಳಿ. ಗಂಡಾಳು, ಹೆಣ್ಣಾಳು ಅಂತ ಕೂಲಿ ಬೇರೆ ಬೇರೆ ಬರೆದಿರುತ್ತಾರೆ, ಅಡಿಕೆ ಸುಲಿಗೆಯ ಕಾಲದಲ್ಲಿ ಯಾರು ಎಷ್ಟು ಡಬ್ಬ ಸುಲಿದರು ಅಂತ ಹೆಸರು ಸಮೇತ ಸಿಗುವುದುಂಟು. ಬೇರೆ ಎಲ್ಲೂ ಹೆಸರು ಉಳಿಯದ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತ ರಾತ್ರಿಗಳ ಲೆಕ್ಕದಲ್ಲಿ ಉಳಿದಿರುತ್ತಾರೆ. ಆದರೆ ಆ ಪುಸ್ತಕ ಒಡೆಯನದು. ಮುಂಗಡ, ಸಾಲ, ಕಡಿತ ಎಲ್ಲ ಅವನ ಕಡೆಯಿಂದಲೇ ಬರೆದದ್ದು. ಲೆಕ್ಕ ಸರಿಯಿತ್ತಾ ಅಂತ ಸುಲಿದವರ ಮನೆಯಲ್ಲೂ ಕೇಳಬೇಕು.

ಸರ್ಕಾರಿ ಅಂಕಿಅಂಶದ ಬಗ್ಗೆ ಒಂದು ಮಾತು. ಮೈಸೂರು ಸಂಸ್ಥಾನದ ಜನಗಣತಿ 1871ರಿಂದ ಸಿಗುತ್ತದೆ. ವಯಸ್ಸು, ಮದುವೆ, ವಿಧವೆಯರ ಸಂಖ್ಯೆ ಎಲ್ಲ ಇವೆ. 1894ರಲ್ಲಿ ಮೈಸೂರಿನಲ್ಲಿ ಶಿಶು ವಿವಾಹ ತಡೆ ಕಾನೂನು ಬಂತು, 8 ವರ್ಷ ತುಂಬದ ಹುಡುಗಿಯ ಮದುವೆ ಅಪರಾಧವಾಯಿತು. ಅಲ್ಲಿಂದ ಮುಂದೆ ಮಗಳ ವಯಸ್ಸು ಬರೆಸುವ ಅಪ್ಪನಿಗೆ ಸುಳ್ಳು ಹೇಳಲು ಒಂದು ಕಾರಣ ಸಿಕ್ಕಿತು ಅನ್ನುವುದು ನೆನಪಿರಲಿ. ಕಾನೂನು ಅಂದರೆ ಜನ ಹೀಗೆ ಬದುಕಿದರು ಅಂತಲ್ಲ, ಹೀಗೆ ಬದುಕಬೇಡಿ ಅಂತ ಸರ್ಕಾರ ಹೇಳಬೇಕಾಗಿ ಬಂತು ಅಂತ.

ಕೋರ್ಟಿನ ಕಾಗದವೂ ಹಾಗೇ. ಸ್ವಾತಂತ್ರ್ಯ ಹೋರಾಟದ ಕಾಲದ, 1942ರ ಈಸೂರು ಪ್ರಕರಣದಲ್ಲಿ ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು. ಪೊಲೀಸ್ ದಾಖಲೆಯಲ್ಲಿ ಅವರು ಗಲಭೆಕೋರರು, ಆಮೇಲಿನ ಸ್ಮರಣ ಸಂಚಿಕೆಯಲ್ಲಿ ವೀರ ಮಹಿಳೆಯರು. ಎರಡರಲ್ಲೂ ಅವರ ಸ್ವಂತ ಮಾತು ಎಷ್ಟು ಸಾಲು ಇದೆ, ಅದು ಯಾರ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ಬೆರಳಿಟ್ಟು ಹುಡುಕಿ.

ಬಾಯಿಮಾತು, ಹಾಡು, ಚಿತ್ತಾರ

ಎಲ್ಲಾ ಮನೆಯಲ್ಲೂ ಕಡತದ ಪೆಟ್ಟಿಗೆ ಇರುವುದಿಲ್ಲ. ಬರೀ ಕಾಗದ ನಂಬಿದರೆ ನಿಮ್ಮ ಚರಿತ್ರೆ ಅಕ್ಷರ ಬಲ್ಲ ಒಂದೆರಡು ಜಾತಿಯ ಹೆಂಗಸರದ್ದೇ ಆಗಿಬಿಡುತ್ತದೆ. ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವ ಭೂಮಣ್ಣಿ ಬುಟ್ಟಿ, ನೆಟ್ಟಿ ಹಾಡು, ಸೋಬಾನೆ ಎಲ್ಲವೂ ಆಕರವೇ. ಹಾಡಿಗೆ ಇಸವಿ ಇರುವುದಿಲ್ಲ, ಹಾಗಾಗಿ 'ಇದು 300 ವರ್ಷ ಹಳೆಯದು' ಅಂತ ಬರೆಯಬೇಡಿ. ಯಾರು, ಯಾವಾಗ, ಯಾರಿಂದ ಕಲಿತದ್ದು ಹಾಡಿದರು ಅಂತ ಬರೆಯಿರಿ.

ಮಾತಾಡಿಸಲು ಹೋದಾಗ ಜಗಲಿಯಲ್ಲಿ ಕೂತ ಗಂಡಸರೇ ಉತ್ತರ ಹೇಳುತ್ತಾರೆ, ಅಜ್ಜಿ ಒಳಗಿಂದಲೇ ತಿದ್ದುತ್ತಾರೆ. ಆ ತಿದ್ದುಪಡಿಯನ್ನೂ ಬರೆದುಕೊಳ್ಳಿ. ಆಮೇಲೆ ಅಡುಗೆಮನೆಗೋ ಸುಲಿಗೆ ಚಪ್ಪರಕ್ಕೋ ಹೋಗಿ ಕೂರಿ. 'ಆಗ ಹೆಂಗಸರ ಸ್ಥಿತಿಗತಿ ಹೇಗಿತ್ತು?' ಅಂತ ಕೇಳಿದರೆ ಭಾಷಣ ಸಿಗುತ್ತದೆ. 'ನೀವು ಮೊದಲ ಸಲ ಕೈಯಲ್ಲಿ ದುಡ್ಡು ಹಿಡಿದದ್ದು ಯಾವಾಗ, ಏನು ತಗೊಂಡಿರಿ?' ಅಂತ ಕೇಳಿ. ಇಸವಿ ಕೇಳಬೇಡಿ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮೊದಲಾ ಆಮೇಲಾ ಅಂತ ಕೇಳಿ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಅಲ್ಲಿಂದ ಲೆಕ್ಕ ಹಾಕಬಹುದು. ಮುಳುಗಡೆಯ ಪರಿಹಾರ ಯಾರ ಕೈಗೆ ಬಂತು ಅನ್ನುವುದನ್ನು ಮರೆಯದೆ ಕೇಳಿ, ಆಮೇಲೆ ಕಡತದ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಗಾಬರಿ ಬೇಡ, ಕೆಲಸ ಶುರುವಾಗುವುದೇ ಅಲ್ಲಿಂದ.

ಕೆಲವು ವಿಷಯ ಸಿಕ್ಕರೂ ಹಾಕಬಾರದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ಸುತ್ತ 1986ರಲ್ಲಿ ಗಲಾಟೆ ನಡೆಯಿತು, ಆಮೇಲೆ ಸರ್ಕಾರ ಆ ಸೇವೆ ನಿಷೇಧಿಸಿತು. ಅದರ ಪತ್ರಿಕಾ ವರದಿಗಳು, ಫೋಟೊಗಳು ಸಿಗುತ್ತವೆ. ತೆಗೆದವರು ಭಕ್ತರಲ್ಲ, ಫೋಟೊದಲ್ಲಿರುವವರನ್ನು ಯಾರೂ ಒಪ್ಪಿಗೆ ಕೇಳಿದಂತಿಲ್ಲ. ವರದಿಯನ್ನು ಆಕರವಾಗಿ ಬಳಸಿ, ಫೋಟೊ ಮತ್ತೆ ಅಚ್ಚು ಹಾಕಬೇಡಿ. ಅಲ್ಲಿಗೆ ಹೋಗುತ್ತಿದ್ದವರು ಇವತ್ತು ಮಾತಾಡಲು ಒಪ್ಪಿದರೆ ಹೆಸರು ಬದಲಿಸಿ, ಊರು ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಿ.

ರೆಕಾರ್ಡಿಂಗ್ ಆದ ರಾತ್ರಿಯೇ ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಹವಿಗನ್ನಡವಾಗಲಿ ದೀವರ ಮಾತಾಗಲಿ, ಹೇಳಿದ ಹಾಗೇ ಬರೆದುಕೊಳ್ಳಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮನೆಯವರು ಕೊಟ್ಟ ಕಡತವನ್ನು ಮೊಬೈಲಿನಲ್ಲಿ ಪುಟಪುಟವಾಗಿ ಫೋಟೊ ತೆಗೆದು ಅವತ್ತೇ ಮರಳಿಸಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಹಾಕಿ ಅವರಿಗೂ ಕೊಡಿ. ಮುಂದಿನ ಮಳೆಗಾಲದೊಳಗೆ ಅಸಲಿಗೆ ಗೆದ್ದಲು ಹತ್ತದು ಅಂತ ಯಾರೂ ಭರವಸೆ ಕೊಡಲಾರರು.